ಚಿಕ್ಕಪ್ಪನ ಲಾನಿಗೆ ಬಿದ್ದ ಕೊಸರು

ನಮ್ಮ ಚಿಕ್ಕಪ್ಪನ ತಲೆಯ ಮೇಲೆ ಒಂದೇ ಒಂದು ಕೂದಲಿರಲಿಲ್ಲ, ಆ ಕೊರತೆಯನ್ನು ಅವರು ಮನೆಯ ಮುಂದಿನ ನೆಲದ ಮೇಲೆ ತೀರಿಸಿಕೊಂಡರು ಎಂದು ಹೊಳೆನರಸೀಪುರದ ಜನ ಆಡಿಕೊಳ್ಳುತ್ತಿದ್ದರು. ಇದು ಅಪ್ಪಟ ಸುಳ್ಳು. ಕಿವಿಯ ಹಿಂದೆ ಅಷ್ಟಿಷ್ಟು ಇತ್ತು. ನಾನೇ ಕಣ್ಣಾರೆ ಕಂಡಿದ್ದೇನೆ. ಆದರೆ ಹುಲ್ಲಿಗೆ ಕ್ರಾಪು ಹೊಡೆಯುವ ಯಂತ್ರವನ್ನು ಆ ಊರಿಗೆ ಮೊದಲು ತಂದವರು ಅವರೇ ಎನ್ನುವುದು ಮಾತ್ರ ನಿಜ. ಅದಕ್ಕೆ ಮೊದಲು ಅಲ್ಲಿ ಹುಲ್ಲು ಕತ್ತರಿಸುತ್ತಿದ್ದ ಯಂತ್ರಗಳಿಗೆಲ್ಲ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ ಇರುತ್ತಿದ್ದವು.

ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು. ನಮ್ಮ ಕಡೆ ಆಗ ಹುಲ್ಲು ಎಂದರೆ ಎರಡೇ ಬಗೆ. ದನ ತಿನ್ನುವುದು ಒಂದು, ಹೊಲದಿಂದ ಕಿತ್ತೆಸೆಯುವುದು ಇನ್ನೊಂದು. ನೀರು ಹಾಕಿ, ಗೊಬ್ಬರ ಹಾಕಿ, ಮುದ್ದಿನಿಂದ ಬೆಳೆಸಿ, ಬೆಳೆದ ಮೇಲೆ ಯಾಕೆ ಬೆಳೆದೆ ಎಂದು ಕತ್ತರಿಸಿ, ಕತ್ತರಿಸಿದ್ದನ್ನು ದನಕ್ಕೂ ಹಾಕದೆ ಗುಂಡಿಗೆ ಸುರಿಯುವ ಮೂರನೆಯ ಬಗೆಯೊಂದು ಇದೆ ಎಂದು ಯಾರಿಗೆ ಗೊತ್ತಿತ್ತು? ಚಿಕ್ಕಪ್ಪನಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅವರು ಹಾಸನದಲ್ಲಿ ಕಾಫಿತೋಟದ ದೊರೆಗಳು ಸೇರುತ್ತಿದ್ದ ಒಂದು ಕ್ಲಬ್ಬಿನಲ್ಲಿ ಗುಮಾಸ್ತರಾಗಿದ್ದರು. ಆಮೇಲೆ ಹೊಳೆನರಸೀಪುರದ ಒಂದು ಅಕ್ಕಿ ಗಿರಣಿಗೆ ಲೆಕ್ಕ ಬರೆಯಲು ಬಂದರು. ಬರುವಾಗ ಅಲ್ಲಿಯ ದೊರೆಯೊಬ್ಬ ಕೊಟ್ಟ ಹಳೆಯ ಯಂತ್ರ, ಒಂದು ಉಣ್ಣೆಯ ಕೋಟು ಮತ್ತು 'ಲಾನ್' ಎಂಬ ಒಂದು ಪದವನ್ನು ತಂದರು. ಕೋಟು ಬೇಗ ಹರಿಯಿತು. ಪದ ಹರಿಯಲಿಲ್ಲ.

ಯಂತ್ರ ಮೊದಲ ದಿನ ಕರಕರ ಎಂದು ಓಡಿದಾಗ ಬೇಲಿಯಾಚೆ ಬೀದಿಗೆ ಬೀದಿಯೇ ನೆರೆಯಿತು. ಕ್ಷೌರದಂಗಡಿಯವನು ಬಹಳ ಹೊತ್ತು ನೋಡಿ, "ಸಾ, ನೆಲಕ್ಕೇ ಇಷ್ಟು ಚೆಂದಾಗಿ ಮಿಷಿನ್ ಕಟ್ ಮಾಡ್ತೀರಲ್ಲ, ಒಂದಪ ನಮ್ಮ ಅಂಗಡಿ ಕಡೀಕೂ ಬಂದ್ಬುಡಿ" ಎಂದು ಕೆಲಸಕ್ಕೆ ಕರೆದ. ಚಿಕ್ಕಪ್ಪ ಟೋಪಿ ತೆಗೆದು ನುಣ್ಣನೆಯ ತಲೆಯನ್ನು ತೋರಿಸಿ, "ನಿನ್ನ ಅಂಗಡೀಲಿ ನಂಗೇನ್ಲಾ ಕೆಲ್ಸ" ಎಂದು ಕೇಳಿ ಮತ್ತೆ ಯಂತ್ರ ತಳ್ಳಿದರು.

ಲಾನ್ ಎಂದು ಎಷ್ಟೇ ಇಂಗ್ಲಿಷಿನಲ್ಲಿ ಕರೆದರೂ ಅದು ನಮ್ಮ ಗರಿಕೆಯೇ. ಗಣಪತಿ ಹಬ್ಬದ ದಿನ ಊರಿನವರಿಗೆ ಇದು ನೆನಪಾಗುತ್ತಿತ್ತು. ಬೆಳಗಾಗುವುದರೊಳಗೆ ಗೇಟಿನ ಮುಂದೆ ತಟ್ಟೆ ಹಿಡಿದ ಜನ. ದೇವರಿಗೆ ಇಲ್ಲ ಎನ್ನುವ ಧೈರ್ಯ ಚಿಕ್ಕಪ್ಪನಿಗಿರಲಿಲ್ಲ; ಕೀಳಲು ಬಿಡುವ ಮನಸ್ಸೂ ಇರಲಿಲ್ಲ. ಅವರು ಗೇಟಿನ ಬಳಿ ಮುಕ್ಕಾಲುಮಣೆ ಹಾಕಿಕೊಂಡು ಕೂತು, ಚಿಕ್ಕಮ್ಮನ ಹೊಲಿಗೆಯ ಕತ್ತರಿಯಿಂದ ಎಸಳೆಸಳಾಗಿ ಕತ್ತರಿಸಿ ಕೊಡುತ್ತಿದ್ದರು. ಒಂದು ವರ್ಷ ದೇವಸ್ಥಾನದ ಪೂಜಾರಪ್ಪ ತಕರಾರು ತೆಗೆದರು. "ಕತ್ತರೀಲಿ ಕತ್ತರಿಸಿದ್ದು ನಡೆಯಲ್ಲ ಸ್ವಾಮಿ, ಚಿಗುರು ಚಿವುಟಬೇಕು." ಚಿಕ್ಕಪ್ಪ ತಲೆಯೆತ್ತದೆ ಹೇಳಿದರು: "ಅವನ ದಂತವೇ ಅರ್ಧ ಮುರ್ಕೊಂಡದೆ. ಹುಲ್ಲಿನ ತುದಿ ನೋಡಕ್ಕೋಯ್ತಾನಾ ಅವನು?" ಪೂಜಾರಪ್ಪ ಕೊಟ್ಟಷ್ಟು ತೆಗೆದುಕೊಂಡು ಹೋದರು.

ಎದುರು ಮನೆಯ ಹಂಡಬಂಡ ಬಣ್ಣದ ಹಸುವಿನ ಕಥೆ ಬೇರೆ. ಅದು ದಿನಾ ಬೆಳಿಗ್ಗೆ ಮೇಯಲು ಹೋಗುವ ಮುನ್ನ ಚಿಕ್ಕಪ್ಪನ ಗೇಟಿಗೆ ಗಂಟಲು ಒತ್ತಿ ನಿಂತು ಒಳಗೆ ನೋಡುತ್ತಿತ್ತು. ಚಿಕ್ಕಪ್ಪ ಕೋಲು ಹಿಡಿದು ಒಳಗೆ, ಹಸು ನಾಲಗೆ ಹಿಡಿದು ಹೊರಗೆ. ಚಿಕ್ಕಮ್ಮ ಯಾವಾಗಲೂ ಹಸುವಿನ ಪಕ್ಷ.

ಚಿಕ್ಕಮ್ಮ ಕಟ್ಟಾಯದವರು, ಬೇಸಾಯದ ಮನೆಯಿಂದ ಬಂದವರು. ಅಂಗೈಯಗಲ ನೆಲ ಬರಿದೇ ಬಿದ್ದಿದ್ದರೂ ಅವರ ಕರುಳು ಚುರುಕ್ ಎನ್ನುತ್ತಿತ್ತು. ಆ ಜಾಗದಲ್ಲಿ ಎಷ್ಟು ಅವರೆ ಬರುತ್ತಿತ್ತು, ಎಷ್ಟು ಬದನೆ ಬರುತ್ತಿತ್ತು, ಬೇಲಿಗೆ ಹಬ್ಬಿಸಿದರೆ ಎಷ್ಟು ಹೀರೇಕಾಯಿ ಎಂದು ಅವರು ಮುದ್ದೆ ಬಡಿಸುತ್ತಲೇ ಹೇಳುತ್ತಿದ್ದರು. ಕೊನೆಗೆ ಒಂದೇ ಪ್ರಶ್ನೆ: "ತಿನ್ನಕ್ಕಾಯ್ತದಾ ನಿಮ್ಮ ಲಾನು?"

ಈ ಪ್ರಶ್ನೆ ಬಂದ ಕೂಡಲೇ ಚಿಕ್ಕಪ್ಪ ಉಳಿದ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಗಂಟಲಿಗಿಳಿಸಿ ಎದ್ದುಬಿಡುತ್ತಿದ್ದರು. ವರ್ಷಗಟ್ಟಲೆ ಆ ಮನೆಯ ಊಟ ಹೀಗೇ ಮುಗಿಯುತ್ತಿತ್ತು.

ಆದರೆ ಚಿಕ್ಕಮ್ಮ ಬಾಯಲ್ಲಿ ಏನೇ ಅಂದರೂ ಆ ಹುಲ್ಲನ್ನು ಒಂದು ದಿನವೂ ಕಿತ್ತವರಲ್ಲ. ಬೇಸಿಗೆಯಲ್ಲಿ ಬಾವಿಯಿಂದ ಅದಕ್ಕೆ ನೀರು ಸೇದಿದವರೂ ಅವರೇ. ಯಾಕೆಂದರೆ ಅದು ಶೋಕಿಗೆ ಬೆಳೆದ ಹುಲ್ಲಲ್ಲ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಚಿಕ್ಕಪ್ಪನ ಒಬ್ಬಳೇ ಮಗಳು ಶಾರದೆ. ನಾವೆಲ್ಲ ಶಾರಿ ಎನ್ನುತ್ತೇವೆ. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಹೆಜ್ಜೆ ಹಾಕಲು ಕಲಿಯುವ ವಯಸ್ಸಿನಲ್ಲಿ ಅವಳಿಗೆ ಜ್ವರ ಬಂದು, ಜ್ವರ ಇಳಿದಾಗ ಎಡಗಾಲಿನ ಶಕ್ತಿಯೂ ಇಳಿದುಹೋಗಿತ್ತು. ಹಾಸನದ ಡಾಕ್ಟರು ಔಷಧಿ ಬರೆಯಲಿಲ್ಲ. "ಮಗೂನ ಎತ್ಕೊಂಡು ಓಡಾಡಬೇಡಿ. ಬರಿಗಾಲಲ್ಲಿ ನಡೆಸಿ. ಬೀಳ್ತಾಳೆ, ಬೀಳಲಿ. ಮೆತ್ತಗಿರೋ ಕಡೆ ಬೀಳಲಿ" ಎಂದರಂತೆ. ಹೊಳೆನರಸೀಪುರದ ಮನೆಯ ಅಂಗಳ ಕಲ್ಲಿನಂಥ ಗಟ್ಟಿ ನೆಲ. ಮೆತ್ತಗಿರುವ ಜಾಗ ಎಂದಾಗ ಚಿಕ್ಕಪ್ಪನಿಗೆ ಕಣ್ಣ ಮುಂದೆ ಬಂದದ್ದು ಕ್ಲಬ್ಬಿನ ಲಾನ್.

ಶಾರಿ ಆ ಹುಲ್ಲಿನ ಮೇಲೆ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಬಿದ್ದಾಗಲೆಲ್ಲ ಚಿಕ್ಕಪ್ಪ ಅವಳನ್ನು ಬಿಟ್ಟು ಹುಲ್ಲಿಗೆ, "ಪೆಟ್ಟಾಯ್ತೇನಪ್ಪಾ" ಎಂದು ಕೇಳುತ್ತಿದ್ದರು. ಅಳಬೇಕೋ ನಗಬೇಕೋ ತಿಳಿಯದೆ ಹುಡುಗಿ ಎದ್ದು ನಿಲ್ಲುತ್ತಿದ್ದಳು. ಬೆಳೆದ ಮೇಲೂ ಬೀದಿಯ ನೆಲದಲ್ಲಿ, ಸಿಮೆಂಟಿನ ಮೇಲೆ ಅವಳ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ತನ್ನ ಮನೆಯ ಹುಲ್ಲಿನ ಮೇಲೆ ಬರಿಗಾಲಲ್ಲಿ ಮಾತ್ರ ಯಾವ ರಾಣಿಗೂ ಕಡಿಮೆಯಿಲ್ಲದಂತೆ ನಡೆಯುತ್ತಿದ್ದಳು.

ಅವಳ ಮದುವೆ ಗೊತ್ತಾದಾಗ ಅರವತ್ತರ ದಶಕ ಬಂದಿತ್ತು. ನಾನು ಮದುವೆಯಾಗಿ ಹಾಸನದಲ್ಲಿದ್ದೆ. ಹುಡುಗ ಚನ್ನರಾಯಪಟ್ಟಣದವನು; ಮನೆಯವರದು ತೆಂಗಿನಕಾಯಿ ವ್ಯಾಪಾರ. ಹೆಣ್ಣು ನೋಡಲು ಬಂದವನು ಹೆಣ್ಣನ್ನು ನೋಡುವ ಮೊದಲು ಲಾನ್ ನೋಡಿ, "ಇದ್ರ ಮೇಲೆ ನಡೀಬೌದಾ ಸಾ? ಚಪ್ಪಲಿ ಬಿಟ್ಟು ಬತ್ತೀನಿ" ಎಂದು ಕೇಳಿದ. ಚಿಕ್ಕಪ್ಪ ಒಳಗೆ ಬಂದು ಚಿಕ್ಕಮ್ಮನಿಗೆ, "ಉಪ್ಪಿಟ್ಟು ಆಮೇಲೆ ಕೊಡು. ಹುಡುಗ ಒಪ್ಪಿಗೆ" ಎಂದರು. ಹುಡುಗ ಇನ್ನೂ ಹುಡುಗಿಯನ್ನು ನೋಡಿರಲಿಲ್ಲ! ನೋಡಿದ ಮೇಲೆ ಅವನೂ ಒಪ್ಪಿದ. ಕಾಲಿನ ವಿಷಯವನ್ನು ಚಿಕ್ಕಪ್ಪ ಎತ್ತಿದಾಗ, "ನಡ್ಕೊಂಡೇ ಬಂದ್ರಲ್ಲ ಸಾ" ಎಂದು ಅಲ್ಲಿಗೆ ಮುಗಿಸಿದ.

ಮುಗಿಸದಿದ್ದವರು ಅವನ ಸೋದರತ್ತೆ. ಕೆಟ್ಟವರಲ್ಲ, ಕನಿಕರ ಸ್ವಲ್ಪ ಜಾಸ್ತಿ ಅಷ್ಟೆ. ಲಗ್ನ ಕಟ್ಟಿಸುವ ದಿನ ಎಲ್ಲರ ಮುಂದೆ ಹೇಳಿದರು: "ಹಸೆಮಣೆಗೆ ಮಗು ನಡೆಯೋದೇನು ಬ್ಯಾಡ. ಸೋದರಮಾವ ಎತ್ಕೊಂಡು ಬಂದ್ಬುಡ್ಲಿ. ನಮ್ಮಲ್ಲೂ ಆ ಪದ್ಧತಿ ಅದೆ. ಪಾಪ, ಅಷ್ಟು ಜನದೆದುರು ಎಡವಿದ್ರೆ ಚೆಂದವಾ?"

ಪದ್ಧತಿ ನಮ್ಮಲ್ಲೂ ಇತ್ತು. ಆದರೆ ಆ 'ಪಾಪ' ಎಂಬುದು ಪದ್ಧತಿಯಲ್ಲಿರಲಿಲ್ಲ. ಶಾರಿ ಬಾಗಿಲ ಹಿಂದಿನಿಂದಲೇ ಹೇಳಿದಳು. "ನಾನು ನಡೆದೇ ಬರ್ತೀನಿ. ಅಪ್ಪ, ಚಪ್ಪರ ಹುಲ್ಲಿನ ಆಚೆ ತುದೀಲಿ ಹಾಕ್ಸಿ."

ಅಂದರೆ ಬಾಗಿಲಿನಿಂದ ಹಸೆಮಣೆಯವರೆಗೆ ಲಾನನ್ನು ದಾಟಿ, ಎರಡೂ ಊರಿನ ಕಣ್ಣ ಮುಂದೆ, ಯಾರ ಕೈಯನ್ನೂ ಹಿಡಿಯದೆ. ಚಿಕ್ಕಪ್ಪ, "ಆಗ್ಲಿ" ಎಂದರು. ಹಾಸನಕ್ಕೆ ಹೊರಟ ನನ್ನನ್ನು ಬಸ್ಸು ಹತ್ತಿಸಲು ಬಂದಾಗ ದಾರಿಯುದ್ದಕ್ಕೂ ಅವರು ಒಂದೇ ಮಾತು ಆಡಿದರು. "ಇಷ್ಟು ವರ್ಷ ಬೆಳೆಸಿದ್ದು ಆ ಒಂದು ದಿನಕ್ಕೆ ಕಣಮ್ಮ."

ಸರಿ, ಇನ್ನು ಮದುವೆಯವರೆಗೆ ಹುಲ್ಲಿಗೆ ಕೈ ಹಚ್ಚದೆ ಇದ್ದಿದ್ದರೆ ಆಗುತ್ತಿತ್ತು. ಆದರೆ ಯುಗಾದಿ ಕಳೆದ ಮರುದಿನವೇ ಶಾರಿಯ ಅಂಗಾಲಿಗೆ ನೆಗ್ಗಿಲುಮುಳ್ಳು ಚುಚ್ಚಿತು. ನೋಡಿದರೆ ಲಾನಿನ ತುಂಬ ಅಲ್ಲಲ್ಲಿ ನೆಗ್ಗಿಲು ಹಬ್ಬಿದೆ, ತುಂಬೆ ಎದ್ದಿದೆ. ಮದುವೆಯ ದಿನ ಬರಿಗಾಲಿಗೆ ಮುಳ್ಳು ಚುಚ್ಚಿದರೆ? ಚಿಕ್ಕಪ್ಪನಿಗೆ ನಿದ್ದೆ ಹಾರಿಹೋಯಿತು. ಆ ಹೊತ್ತಿಗೇ, ಹಳೆಯ ಕ್ಲಬ್ಬಿನ ದೊರೆಗಳಲ್ಲಿ ಕೊನೆಯವನು ತೋಟ ಮಾರಿ ತನ್ನ ಸೀಮೆಗೆ ಹೊರಟಿದ್ದ. ಹೋಗುವ ಮುನ್ನ ಶಾರಿಯ ಮದುವೆಯ ಉಡುಗೊರೆಯೆಂದು ಚಿಕ್ಕಪ್ಪನಿಗೆ ಒಂದು ಚೀಲ ಪುಡಿ ಕಳುಹಿಸಿದ. ಅದು ಕಳೆಯನ್ನು ಕೊಲ್ಲುತ್ತದಂತೆ, ಹುಲ್ಲನ್ನು ಸಾಕುತ್ತದಂತೆ. ಒಂದೇ ಚೀಲದಲ್ಲಿ ವಿಷವೂ ಉಂಟು, ಗೊಬ್ಬರವೂ ಉಂಟು. ಚಿಕ್ಕಮ್ಮ ಮೂಸಿ ನೋಡಿ, "ಕೊಲ್ಲೋದೂ ಅದೇ, ಸಾಕೋದೂ ಅದೇ ಅಂದ್ರೆ ಅದಕ್ಕೆ ಗುರುತು ಎಂಗ್ ಸಿಕ್ತದೆ?" ಎಂದರು. ಚಿಕ್ಕಪ್ಪ ಚೀಲದ ಮೇಲಿನ ಇಂಗ್ಲಿಷನ್ನು ಗಟ್ಟಿಯಾಗಿ ಓದಿ ಹೇಳಿದರು: ಇಷ್ಟು ನೆಲಕ್ಕೆ ಇಷ್ಟೇ ಅಳತೆ, ಅದಕ್ಕಿಂತ ಒಂದು ಚಿಟಿಕೆಯೂ ಹೆಚ್ಚು ಕೂಡದು.

ಇಲ್ಲಿ ನಮ್ಮ ವಂಶದ ಒಂದು ರೋಗವನ್ನು ಹೇಳಬೇಕು. ನಮ್ಮ ತಾತನಿಗೆ ಚನ್ನರಾಯಪಟ್ಟಣದಲ್ಲಿ ರಾಗಿ ಅಂಗಡಿಯಿತ್ತು. ಅಪ್ಪ, ಚಿಕ್ಕಪ್ಪ ಇಬ್ಬರೂ ಅಕ್ಷರ ಕಲಿಯುವ ಮೊದಲು ಅಳೆಯಲು ಕಲಿತವರು. ಅಳೆಯುವಾಗ 'ಒಂದು' ಎನ್ನುವಂತಿಲ್ಲ, 'ಲಾಭ' ಎನ್ನಬೇಕು. ಅಳೆದು ಸುರಿದ ಮೇಲೆ ಕೊಳ್ಳುವವರ ಚೀಲಕ್ಕೆ ಒಂದು ಹಿಡಿ ಕೊಸರು ಹಾಕಬೇಕು. ಕೊಸರು ಹಾಕದೆ ಅಳೆದ ಕೈ ಕೈಯಲ್ಲ ಎಂದು ತಾತ ಹೇಳುತ್ತಿದ್ದರು. ಬಡವರು ಬಂದರೆ ಹಿಡಿ ದೊಡ್ಡದಾಗುತ್ತಿತ್ತಂತೆ. ಊರಿನಲ್ಲಿ ನಮ್ಮ ಮನೆಯ ಮರ್ಯಾದೆ ಉಳಿದದ್ದೇ ಆ ಹಿಡಿಯಿಂದ.

ಚಿಕ್ಕಪ್ಪ ಹಗ್ಗ ಎಳೆದು ಲಾನನ್ನು ಚೌಕಗಳಾಗಿ ಮಾಡಿದರು. ತಾತನ ಕಾಲದ ಹಿತ್ತಾಳೆ ಪಾವು ತಂದರು. ಚೌಕಕ್ಕೊಂದು ಪಾವು ಪುಡಿ, ಮಟ್ಟಕೋಲಿನಿಂದ ಮೇಲ್ಮೈ ಸವರಿ, ಅಕ್ಕಸಾಲಿಗ ಚಿನ್ನ ತೂಗುವ ಎಚ್ಚರದಲ್ಲಿ ಎರಚಿದರು. ನೀರು ಹಾಕಿಸಿದರು. ಕೈ ತೊಳೆದುಕೊಂಡು ಊಟಕ್ಕೆ ಕೂತು, "ಇನ್ನು ನೋಡ್ತಿರು" ಎಂದರು.

ನೋಡಿದೆವು. ಅದೇ ವಾರ ನಾನು ಮದುವೆಯ ಹಪ್ಪಳ ಸಂಡಿಗೆಯ ಕೆಲಸಕ್ಕೆಂದು ಹೋಗಿದ್ದೆ. ನೆಗ್ಗಿಲು ಸತ್ತಿತ್ತು, ತುಂಬೆ ಸತ್ತಿತ್ತು. ಜೊತೆಗೆ ಪ್ರತಿ ಚೌಕದ ಸರಿಯಾಗಿ ನಡುವೆ ಒಂದೊಂದು ಮೊರದಗಲ ಹುಲ್ಲು ಕರಕಲಾಗಿ, ಎರಡು ದಿನದಲ್ಲಿ ಉದುರಿ, ಬೋಳು ನೆಲ ಕಾಣಿಸಿತು. ಅದೂ ಎಂಥ ಅಚ್ಚುಕಟ್ಟು! ಸಾಲಾಗಿ, ಸಮದೂರಕ್ಕೆ, ಯಾರೋ ಗೋಡೆಗೆ ಬೆರಣಿ ತಟ್ಟಿದ ಹಾಗೆ. ಬೀದಿಯ ಮಕ್ಕಳು ಬೇಲಿ ನುಸುಳಿ ಬೋಳಿನಿಂದ ಬೋಳಿಗೆ ಕುಂಟೆಬಿಲ್ಲೆ ಆಡಿದರು.

ಚಿಕ್ಕಪ್ಪ ಮೊದಲು ದೊರೆಯನ್ನು ಬೈದರು, ಆಮೇಲೆ ಬಾವಿಯ ನೀರನ್ನು, ಆಮೇಲೆ ಎದುರು ಮನೆಯ ಹಸುವಿನ ದೃಷ್ಟಿಯನ್ನು. ಚಿಕ್ಕಮ್ಮ ಸುಮ್ಮನೆ ಕೇಳಿ, ಒಳಗಿನಿಂದ ಒಂದು ಬುಟ್ಟಿ ರಂಗೋಲಿ ಪುಡಿ ತಂದು ಮುಂದಿಟ್ಟರು.

"ಎಂಗ್ ಅಳೆದ್ರಿ? ಒಂದ್ಸಲ ತೋರ್ಸಿ."

"ಸರಿಯಾಗೇ ಅಳೆದೆ ಕಣೇ. ಚೀಲದ ಮೇಲೆ ಬರ್ದಿದ್ದಂಗೆ."

"ಅದೇ, ತೋರ್ಸಿ ಅಂದೆ."

ಚಿಕ್ಕಪ್ಪ ಪಾವಿಗೆ ತುಂಬಿದರು, ಸವರಿದರು, "ಲಾಭ" ಎಂದು ಎರಚಿದರು. ಎರಚಿದ ಮೇಲೆ ಅವರ ಎಡಗೈ ತಾನೇತಾನಾಗಿ ಬುಟ್ಟಿಗೆ ಹೋಗಿ, ಒಂದು ಹಿಡಿ ಎತ್ತಿ, ಚೌಕದ ನಡುವೆ ಸುರಿಯಿತು. ಚಿಕ್ಕಪ್ಪನ ಕಣ್ಣು ಆ ಕೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿತು.

"ಭೂಮ್ತಾಯಿಗೂ ಕೊಸರು ಹಾಕ್ಬುಟ್ರಾ?" ಎಂದರು ಚಿಕ್ಕಮ್ಮ.

ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ. ವಾಪಸ್ಸು ಬಂದಾಗ ಚಿಕ್ಕಪ್ಪ ಪಾವನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಿದ್ದರು. ಅವರ ಮುಖ ನೋಡಿದ ಮೇಲೆ ನಗು ಬರಲಿಲ್ಲ. ಬಡವರ ಚೀಲಕ್ಕೆ ಬಿದ್ದರೆ ಪುಣ್ಯವಾಗುವ ಹಿಡಿ, ಮಗಳ ದಾರಿಗೆ ಬಿದ್ದು ಅದನ್ನು ಸುಟ್ಟುಹಾಕಿತ್ತು. ಒಳ್ಳೆಯ ಅಭ್ಯಾಸವೇ ಕೈಕೊಟ್ಟರೆ ಮನುಷ್ಯ ಯಾರ ಮೇಲೆ ಸಿಟ್ಟಾಗಬೇಕು? ನನಗೆ ಈಗಲೂ ಗೊತ್ತಿಲ್ಲ.

ಮದುವೆಗೆ ಎರಡು ತಿಂಗಳೂ ಇರಲಿಲ್ಲ. ಚಿಕ್ಕಪ್ಪ ಹಾಸನಕ್ಕೆ ಬಂದು ಅಂಗಡಿ ಅಂಗಡಿ ಅಲೆದು ಹುಲ್ಲಿನ ಬೀಜ ಸಂಪಾದಿಸಿದರು. ಹುಲ್ಲಿಗೂ ಬೀಜ ಕೊಳ್ಳುವವರಿದ್ದಾರೆ ಎಂದು ಅಂಗಡಿಯವನು ಅವರನ್ನು ಬಾಗಿಲವರೆಗೆ ಬಂದು ಬೀಳ್ಕೊಟ್ಟನಂತೆ. ಬೋಳುಗಳನ್ನು ಕೆದಕಿ ಬೀಜ ಚೆಲ್ಲಿದರು. ಗುಬ್ಬಚ್ಚಿಗಳು ಬಂದವು. ಚಿಕ್ಕಪ್ಪ ಹರಿದ ಉಣ್ಣೆಯ ಕೋಟನ್ನು ಒಂದು ಕೋಲಿಗೆ ತೊಡಿಸಿ, ಮಡಕೆಯ ತಲೆಯಿಟ್ಟು, ತಮ್ಮ ಟೋಪಿ ಹಾಕಿ ನಿಲ್ಲಿಸಿದರು. ಗುಬ್ಬಚ್ಚಿ ಹೆದರಿತೋ ಇಲ್ಲವೋ, ಊರಿನ ಜನ ಮಾತ್ರ ಅದಕ್ಕೆ ಕೈ ಮುಗಿದು ಹೋಗತೊಡಗಿದರು. ಗಿರಣಿಯ ಹಮಾಲಿಯೊಬ್ಬ ಚಿಕ್ಕಮ್ಮನ ಬಳಿ ಬಂದು ನೊಂದುಕೊಂಡ. "ಮೂರು ದಿನದಿಂದ ನಮಸ್ಕಾರ ಮಾಡ್ತಿವ್ನಿ ಅವ್ವಾ, ಸಾಹೇಬ್ರು ತಿರುಗೂ ನೋಡಲ್ರು. ನಂದೇನಾರ ತಪ್ಪಾಯ್ತಾ?" ಚಿಕ್ಕಮ್ಮ ಹೇಳಿದರು: "ಒಳಗೆ ಕೂತಿರೋರೂ ಈಗ ಅಂಗೇ ಅವ್ರೆ ಕಣಪ್ಪ. ತಪ್ಪು ತಿಳೀಬ್ಯಾಡ."

ನಿಜ. ಚಿಕ್ಕಪ್ಪ ಕಿಟಕಿಯಲ್ಲಿ ಕೂತು ಬೋಳುಗಳನ್ನೇ ನೋಡುತ್ತಿದ್ದರು. ಗುಬ್ಬಚ್ಚಿ ತಿಂದು ಉಳಿದದ್ದನ್ನು ಇರುವೆ ಹೊತ್ತವು, ಇರುವೆ ಬಿಟ್ಟದ್ದು ಮಣ್ಣಿನಲ್ಲೇ ಸುಟ್ಟುಹೋಯಿತು. ಆ ವಿಷ ಇನ್ನೂ ನೆಲದಲ್ಲಿತ್ತು. ಎರಡನೆಯ ಸಲ ಚೆಲ್ಲಿದರೂ ಒಂದು ಎಳೆ ಏಳಲಿಲ್ಲ. ಕೆದಕಿ ಕೆದಕಿ ಬೋಳುಗಳೆಲ್ಲ ತಗ್ಗಾಗಿ, ಶಾರಿ ಒಂದು ಸಂಜೆ ನಡೆದು ನೋಡಲು ಹೋಗಿ ಎರಡನೆಯ ತಗ್ಗಿನಲ್ಲೇ ಎಡವಿ ಮೊಳಕಾಲೂರಿದಳು. ಚಿಕ್ಕಪ್ಪ ನೋಡುತ್ತಿದ್ದರು. ಹುಲ್ಲನ್ನು ಕೇಳುವ ಹಳೆಯ ಮಾತನ್ನು ಅವರು ಆವತ್ತು ಕೇಳಲಿಲ್ಲ. ಶಾರಿ ಸೆರಗಿನಿಂದ ಮಣ್ಣು ಒರೆಸಿಕೊಂಡು, "ಮಾವ ಎತ್ಕೊಂಡೇ ಹೋಗ್ಲಿ ಬಿಡಪ್ಪ" ಎಂದು ಒಳಗೆ ಹೋದಳು.

ಮಾರನೆಯ ದಿನ ಚಿಕ್ಕಮ್ಮ ಗಂಡನಿಗೆ ಅಪ್ಪಣೆ ಮಾಡಿದರು. "ಹಾಸನಕ್ಕೋಗಿ ಜವಳಿ ತನ್ನಿ. ಎಲ್ಲಾ ಕೊಳ್ಳೋಗಂಟ ಅಣ್ಣನ ಮಗಳ ಮನೇಲೇ ಇರಿ." ಚಿಕ್ಕಪ್ಪ ನಮ್ಮ ಮನೆಗೆ ಬಂದರು. ಸೀರೆ ಅಂಗಡಿಯಲ್ಲಿ ಹಸಿರು ಸೀರೆ ತೋರಿಸಿದರೆ ಮುಖ ತಿರುಗಿಸುತ್ತಿದ್ದರು. ಅವರು ಇಲ್ಲಿರುವಾಗ ಅಲ್ಲಿ ಕಟ್ಟಾಯದಿಂದ ಚಿಕ್ಕಮ್ಮನ ತಮ್ಮ ಗಾಡಿ ಹೊಡೆದುಕೊಂಡು ಬಂದ. ಅಕ್ಕ ತಮ್ಮ ಸೇರಿ ಸುಟ್ಟ ಮಣ್ಣನ್ನು ಮೊಳದಾಳ ಅಗೆದು ಹೊರಗೆ ಹೊತ್ತು, ಕೆರೆಯ ಗೋಡುಮಣ್ಣು ಮತ್ತು ತಿಪ್ಪೆಗೊಬ್ಬರ ಬೆರೆಸಿ ತುಂಬಿ, ಮಟ್ಟ ಮಾಡಿ, ಮೇಲೆ ದಟ್ಟವಾಗಿ ಬೀಜ ಚೆಲ್ಲಿದರು. ಇದೆಲ್ಲ ನನಗೆ ಚಿಕ್ಕಮ್ಮ ಆಮೇಲೆ ಹೇಳಿದ್ದು. ಬೀಜ ಹಾಸನದ್ದಲ್ಲ, ಕಟ್ಟಾಯದ ರಾಗಿ.

ಎಳೆಯ ರಾಗಿ ಪೈರನ್ನು ನೀವು ನೋಡಿದ್ದರೆ ನಿಮಗೆ ಗೊತ್ತು. ಮೊದಲ ಕೆಲವು ವಾರ ಅದಕ್ಕೂ ಹುಲ್ಲಿಗೂ ಅಕ್ಕತಂಗಿಯರಷ್ಟು ಹೋಲಿಕೆ. ಚಿಕ್ಕಪ್ಪ ಜವಳಿ ಗಂಟಿನೊಡನೆ ವಾಪಸ್ಸು ಹೋದ ಎರಡು ಮೂರು ದಿನಕ್ಕೆ ಬೋಳುಗಳ ಮೇಲೆ ಹಸಿರು ಮಂಜಿನಂತೆ ಮೊಳಕೆ ಎದ್ದಿತು. "ನಿಮ್ಮ ಹಾಸನದ ಬೀಜ ಮಿಕ್ಕಿತ್ತು, ಅದನ್ನೇ ಚೆಲ್ದೆ" ಎಂದರು ಚಿಕ್ಕಮ್ಮ. ಚಿಕ್ಕಪ್ಪ ಬಗ್ಗಿ ನೋಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದ ಮೇಲೆ, "ಇಂಗ್ಲಿಷ್ ಹುಲ್ಲು ಕಣೇ. ಸ್ವಲ್ಪ ನಿಧಾನ. ತಾಳ್ಮೆ ಬೇಕು" ಎಂದು ಊರಿಗೆಲ್ಲ ಉಪನ್ಯಾಸ ಕೊಡುತ್ತ ತಿರುಗಿದರು. ಭಾನುವಾರ ತಪ್ಪದೆ ಹೊರಬರುತ್ತಿದ್ದ ಯಂತ್ರ ಆಮೇಲೆ ಮದುವೆಯವರೆಗೆ ಹೊರಗೆ ಬರಲಿಲ್ಲ. ಹಳೆಯ ಗರಿಕೆಯೂ ಮೇಲೆದ್ದು ಹೊಸ ಹಸಿರಿನ ಎತ್ತರಕ್ಕೆ ಬಂತು. ಗಂಡನ ಸೋಮಾರಿತನಕ್ಕೆ ಚಿಕ್ಕಮ್ಮ ಒಳಗೊಳಗೇ ದೇವರಿಗೆ ಕೈ ಮುಗಿದರು.

ಮದುವೆಯ ಬೆಳಿಗ್ಗೆ ಹಿಂದಿನ ರಾತ್ರಿಯ ಹನಿಮಳೆಗೆ ಹುಲ್ಲು ತೊಯ್ದಿತ್ತು. ಆಚೆ ತುದಿಯಲ್ಲಿ ಚಪ್ಪರ, ಎರಡೂ ಕಡೆ ಜನ. ಬಾಗಿಲಲ್ಲಿ ಕಟ್ಟಾಯದ ಮಾವ ಪಂಚೆ ಎತ್ತಿ ಕಟ್ಟಿ, ಎತ್ತಲು ತಯಾರಾಗಿ ನಿಂತಿದ್ದ. ಶಾರಿ ಹೊಸ್ತಿಲ ಮೇಲೆ ನಿಂತು ಹುಲ್ಲನ್ನು ನೋಡಿದಳು. "ಮಾವ, ಜೊತೇಲಿ ನಡಿ ಸಾಕು" ಎಂದಳು.

ನಡೆದಳು. ನಾನು ಅವಳ ಹಿಂದೆ ಕಳಶದ ತಟ್ಟೆ ಹಿಡಿದು ಬರುತ್ತಿದ್ದೆ. ನನ್ನ ಕಣ್ಣೆಲ್ಲ ಅವಳ ಎಡಗಾಲಿನ ಮೇಲೆ. ಗರಿಕೆ ಮುಗಿದು ರಾಗಿಯ ಮೊದಲ ಸುತ್ತು ಬಂದಾಗ ಆ ಕಾಲು ಅರೆಗಳಿಗೆ ನಿಂತಿತು. ಹೆಜ್ಜೆ ಕಲಿತಾಗಿನಿಂದ ಗುರುತಿರುವ ನೆಲದಲ್ಲಿ ಹೊಸದೇನೋ ಇದೆ ಎಂದು ಆ ಅಂಗಾಲಿಗೆ ತಿಳಿದಿರಬೇಕು. ಅವಳು ತಿರುಗಿ ಅಮ್ಮನ ಕಡೆ ನೋಡಿದಳು. ಚಿಕ್ಕಮ್ಮ ಚಪ್ಪರದ ಕಂಬ ನೋಡಿದರು. ಶಾರಿಯ ತುಟಿಯಲ್ಲಿ ನಗು ಹಣಕಿತು. ಆಮೇಲೆ ಅವಳು ಎಲ್ಲಿಯೂ ನಿಲ್ಲಲಿಲ್ಲ. ಹಸೆಮಣೆ ಹತ್ತಿ ನಿಂತಾಗ ಗಂಡಿನ ಸೋದರತ್ತೆ ಪಕ್ಕದವರಿಗೆ, "ಎಷ್ಟು ಚೆಂದಾಗಿ ನಡೆದ್ಲು ನೋಡಿ" ಎಂದದ್ದು ನನ್ನ ಕಿವಿಗೆ ಬಿತ್ತು. 'ಪಾಪ' ಇರಲಿಲ್ಲ.

ಧಾರೆಯ ಹೊತ್ತಿನಲ್ಲಿ ಚಿಕ್ಕಪ್ಪ ಮಗಳ ಕೈಗಳ ಮೇಲೆ ಹಾಲು ನೀರು ಎರೆದರು. ಪುರೋಹಿತರು, "ಸಾಕು ಸ್ವಾಮಿ, ಆಯ್ತು" ಎಂದರು. ಚಿಕ್ಕಪ್ಪ ಗಿಂಡಿಯನ್ನು ಕೆಳಗಿಡಲು ಹೋದವರು, ಏನೋ ನೆನಪಾದಂತೆ ಮತ್ತೆ ಎತ್ತಿ ಇನ್ನೊಂದಿಷ್ಟು ಎರೆದರು. ಪುರೋಹಿತರು ಮುಖ ನೋಡಿದರು.

"ಕೊಸರು" ಎಂದರು ಚಿಕ್ಕಪ್ಪ.

ಅಲ್ಲಿದ್ದ ಜನ ನಕ್ಕರು. ನಾನೂ ನಕ್ಕೆ, ನಗುತ್ತಲೇ ನನ್ನ ಕಣ್ಣು ತುಂಬಿಬಂತು. ಎದುರು ಮನೆಯ ಹಸು ಕೂಡ ಗೇಟಿನಿಂದ ನೋಡುತ್ತಿತ್ತು. ಅದಕ್ಕೆ ಬೇರೆ ಕಾರಣ.

ಮದುವೆಗೆ ಬಂದವರು ರಾಗಿಯನ್ನು ಯದ್ವಾತದ್ವಾ ತುಳಿದು ಹೋದರು. ಕಟ್ಟಾಯದ ಮಾವ ಹೊರಡುವಾಗ ನನ್ನ ಕಿವಿಯಲ್ಲಿ, "ತುಳಿದಷ್ಟೂ ತೆಂಡೆ ಒಡೀತದೆ ಕಣವ್ವ ರಾಗಿ, ಇನ್ನೂ ದಟ್ಟವಾ ಬತ್ತದೆ" ಎಂದ. ಗುಟ್ಟು ರಟ್ಟಾಗುವುದು ಇನ್ನು ಖಂಡಿತ ಎಂದು ನಾನೂ ಚಿಕ್ಕಮ್ಮನೂ ಕಾದೆವು. ಶ್ರಾವಣದಲ್ಲಿ ಹೋದಾಗ ನೋಡಿದೆ: ಯಂತ್ರ ಮತ್ತೆ ಹೊರಬಂದಿತ್ತು, ಲಾನ್ ನುಣ್ಣಗಿತ್ತು, ಆದರೆ ರಾಗಿಯ ಒಂದೊಂದು ಸುತ್ತನ್ನೂ ಬಳಸಿಕೊಂಡು ಚಿಕ್ಕಪ್ಪ ಕತ್ತರಿಸಿದ್ದರು. ಸುತ್ತುಗಳಲ್ಲಿ ರಾಗಿ ಮೊಣಕಾಲೆತ್ತರ ನಿಂತು ಗಾಳಿಗೆ ಆಡುತ್ತಿತ್ತು.

"ನಿಮಗೆ ಮೊದಲೇ ಗೊತ್ತಿತ್ತಾ ಚಿಕ್ಕಪ್ಪ?" ಎಂದು ಕೇಳಿದೆ.

"ರಾಗಿ ಅಂಗಡಿಯೋನ ಮಗ ಕಣಮ್ಮ ನಾನು. ರಾಗಿ ಪೈರು ಗೊತ್ತಾಗಲ್ವಾ?" ಎಂದರು. ಸ್ವಲ್ಪ ತಡೆದು, "ಅವಳಿಗೇಳ್ಬೇಡ. ಮದ್ವೇಲಿ ನಂಗೆ ಗೊತ್ತಾಗ್ಲೇ ಇಲ್ಲ ಅಂತ ಖುಷಿಯಾಗವ್ಳೆ" ಎಂದು ಸೇರಿಸಿದರು.

ದೀಪಾವಳಿಗೆ ಮೊದಲು ತೆನೆ ಕೊಯ್ದರು. ತುಂಬ ಏನಲ್ಲ, ಒಂದು ಸಣ್ಣ ಮಡಕೆಯಷ್ಟು. ಚಿಕ್ಕಪ್ಪ ಆ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ತಮ್ಮ ಮಂಚದ ಕೆಳಗಿಟ್ಟುಕೊಂಡರು. ರಾಗಿ ಎಷ್ಟು ವರ್ಷ ಇಟ್ಟರೂ ಹುಳ ಬೀಳುವುದಿಲ್ಲ. ಕಾಯಲು ಅದಕ್ಕೆ ಬೇಸರವಿಲ್ಲ.

ಎರಡನೆಯ ವರ್ಷ ಶಾರಿ ಮಗುವನ್ನೆತ್ತಿಕೊಂಡು ಚನ್ನರಾಯಪಟ್ಟಣದಿಂದ ಬಂದಳು. ಮಗುವಿಗೆ ಆರು ತಿಂಗಳು ತುಂಬಿತ್ತು. ನಮ್ಮ ಕಡೆ ಹಾಲು ಬಿಟ್ಟು ಮಗು ಮೊದಲು ತಿನ್ನುವುದು ರಾಗಿಸರಿ. ರಾಗಿ ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿ ಮಾಡುವುದು. ಚಿಕ್ಕಮ್ಮ ಮನೆಯ ರಾಗಿ ತುಂಬಿಟ್ಟಿದ್ದ ಪಣತಕ್ಕೆ ಕೈ ಹಾಕಿದಾಗ ಚಿಕ್ಕಪ್ಪ, "ಆ ರಾಗಿ ಬ್ಯಾಡ" ಎಂದು ಮಂಚದ ಕೆಳಗಿನಿಂದ ಮಡಕೆ ಎಳೆದು ತಂದು ಮುಂದಿಟ್ಟರು. ಚಿಕ್ಕಮ್ಮ ಬಟ್ಟೆ ಬಿಚ್ಚಿ ನೋಡಿದರು, ಗಂಡನನ್ನು ನೋಡಿದರು. ಆಮೇಲೆ ಆ ರಾಗಿಯನ್ನೇ ನೆನೆಹಾಕಿದರು.

ಸರಿ ತಯಾರಾದ ದಿನ ನಾನೂ ಅಲ್ಲಿದ್ದೆ. ಶಾರಿ ಲಾನಿನ ಮೇಲೆ ಚಾಪೆ ಹಾಸಿ ಮಗುವನ್ನು ತೊಡೆಯಲ್ಲಿಟ್ಟುಕೊಂಡಿದ್ದಳು. ಮೊದಲ ಚಮಚವನ್ನು ಚಿಕ್ಕಪ್ಪನೇ ಕೊಟ್ಟರು. ಮಗು ಮುಖ ಕಿವುಚಿತು. ಬಾಯಿಂದ ಅರ್ಧ ಹೊರಗೆ ತಳ್ಳಿತು. ಆಮೇಲೆ ಯೋಚನೆ ಮಾಡಿ ನುಂಗಿತು. ನುಂಗಿ, ಮತ್ತೆ ಬಾಯಿ ತೆರೆಯಿತು.

ಚಿಕ್ಕಪ್ಪ ತಿರುಗಿ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು. ಅಷ್ಟು ವರ್ಷ ಮುದ್ದೆಯ ಜೊತೆ ನುಂಗಿಕೊಂಡು ಬಂದಿದ್ದ ಪ್ರಶ್ನೆಗೆ ಉತ್ತರ ಕೊಟ್ಟರು.

"ತಿನ್ನಕ್ಕಾಯ್ತದೆ ಕಣೇ."

ಬಟ್ಟಲು ಖಾಲಿಯಾಯಿತು. ಚಿಕ್ಕಮ್ಮ ಒಳಗೆ ಹೋಗಿ ಪಾತ್ರೆಯ ತಳ ಕೆರೆದುಕೊಂಡು ಬಂದು, ಇನ್ನೊಂದು ಚಮಚ ಸರಿಯನ್ನು ಬಟ್ಟಲಿಗೆ ಹಾಕಿದರು.

"ಕೊಸರು" ಎಂದರು.